ಒಮ್ಮೆ ಬಂದರೆ ಸರ್ವೆ, ಎರಡು ಸಲ ಬಂದರೆ ಹುಚ್ಚು

ಕೋವಿಡ್ ಮುಗಿಯಿತೆಂದು ಜನ ಮಾಸ್ಕ್ ಬಿಸಾಡಿದ ಮೇಲಿನ ಎರಡನೇ ವರ್ಷ. ನಾನಾಗ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿದ್ದೆ. ಹೆಸರು ಬಸ್ಸಿನ ಬೋರ್ಡಿನಷ್ಟು ಉದ್ದ, ಕೆಲಸ ಇಷ್ಟೇ: ಡಾಕ್ಟರು ಬರೆದುಕೊಟ್ಟ ಗುಳಿಗೆ ಹೊಟ್ಟೆಗೆ ಹೋಯಿತೋ ಹಿತ್ತಲಿಗೆ ಹೋಯಿತೋ ಎಂದು ಮನೆಗೆ ಹೋಗಿ ನೋಡುವುದು, ಮನೆಯವರ ಜೊತೆ ಕೂತು ಮಾತಾಡುವುದು, ಬೇಕಾದರೆ ಬೈಸಿಕೊಳ್ಳುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕು ತಾಲೂಕು ನನ್ನ ಪಾಲಿಗಿದ್ದವು. ಬೆಳಿಗ್ಗೆ ನಿಡಗುಂದಿಯಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನ ಎಲ್ಲಿ ಊಟ ಎಂಬುದು ಆ ದಿನದ ಜಗಳದ ಮೇಲೆ ನಿಂತಿರುತ್ತಿತ್ತು.

ಆ ವರ್ಷ ಇನ್ನೊಂದು ಹೊರೆ ಬಂತು. ದಕ್ಷಿಣದ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ನಮ್ಮ ಕಡೆ ಸಂಶೋಧನೆಗೆ ಬರುತ್ತಾರೆ, ನೀವು ಅವರ ಫೀಲ್ಡ್ ಮೇಲ್ವಿಚಾರಕಿ ಎಂದು ಆದೇಶವಾಯಿತು. ಬಂದವರು ಇಬ್ಬರು. ಹಾಸನದ ಕಡೆಯ ಮೇಘನಾ, ಸಾರ್ವಜನಿಕ ಆರೋಗ್ಯದಲ್ಲಿ ಎರಡನೇ ವರ್ಷ. ಸಂಶೋಧನೆ ಅವಳದ್ದು. ಅವಳಿಗೆ ಸಹಾಯಕ್ಕೆ ಸಮಾಜಕಾರ್ಯ ಓದುತ್ತಿದ್ದ ತೌಸೀಫ್, ಸಿಂದಗಿಯವನೇ. ಮೇಘನಾ ಎಲ್ಲರಿಗೂ ಕೈಮುಗಿದು ಮಾತು ಶುರು ಮಾಡುವವಳು. ತೌಸೀಫ್ ಹೋದಲ್ಲೆಲ್ಲ ಚಹಾ ಸಿಗುವಂತೆ ಮಾತಾಡುವವನು.

ಸಂಶೋಧನೆಯ ವಿಷಯ ಹಳ್ಳಿ ಹೆಂಗಸರ ಮಾನಸಿಕ ಆರೋಗ್ಯ. ಕ್ರಮ ಹೀಗಿತ್ತು. ಮೊದಲ ಸುತ್ತು ಸ್ಕ್ರೀನಿಂಗ್, ಅಂದರೆ ಜರಡಿ ಹಿಡಿಯುವುದು. ಆಯ್ದ ಊರಿನ ಪ್ರತಿ ಮನೆಗೂ ಹೋಗಿ ಹೆಂಗಸರಿಗೆ ಕೆಲವು ಪ್ರಶ್ನೆ ಕೇಳುವುದು: ನಿದ್ದೆ ಹೇಗಿದೆ, ಹಸಿವು ಹೇಗಿದೆ, ಸುಮ್ಮಸುಮ್ಮನೆ ಅಳು ಬರುತ್ತದೆಯೇ. ಉತ್ತರಕ್ಕೆ ಅಂಕ. ಅಂಕ ಹೆಚ್ಚಾದವರ ಮನೆಗೆ ಮಾತ್ರ ಎರಡನೇ ಭೇಟಿ, ತಾಸುಗಟ್ಟಲೆ ಮಾತು, ಬೇಕಿದ್ದರೆ ತಾಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಹತ್ತಿರ ಕಳಿಸುವುದು. ಗೋಪ್ಯತೆಯ ವಿಷಯದಲ್ಲಿ ಮೇಘನಾ ಬಲು ಕಟ್ಟುನಿಟ್ಟು. ಟ್ಯಾಬಿನಲ್ಲಿ ಯಾರ ಹೆಸರೂ ಇಲ್ಲ, ಬರೀ ನಂಬರು. ನಾನು ಕೇಳಿದರೂ ತೆರೆದು ತೋರಿಸುತ್ತಿರಲಿಲ್ಲ. ಈ ಕಾಲದಲ್ಲಿ ಇಷ್ಟು ನಿಯತ್ತಿನ ಹುಡುಗಿ ಸಿಕ್ಕಳಲ್ಲ ಎಂದು ನನಗೆ ಖುಷಿಯೇ ಆಗಿತ್ತು.

ನಾನು ಹೇಳುತ್ತಿರುವುದು ಇಂಡಿ ತಾಲೂಕಿನಲ್ಲಿ, ಝಳಕಿ ಕಡೆಯಿಂದ ಒಳಗೆ ಹೋದರೆ ಸಿಗುವ ಒಂದು ಊರಿನ ಕಥೆ. ಊರ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಕಮೆಂಟಿನಲ್ಲಿ ಕೇಳಬೇಡಿ.

ಮೊದಲ ಸುತ್ತು ನಗುತ್ತಲೇ ಮುಗಿಯಿತು. ಮೇಘನಾಳ ಪ್ರಶ್ನೆಪತ್ರಿಕೆಯ ಕನ್ನಡ ಅಚ್ಚುಕಟ್ಟಾಗಿತ್ತು, ಆದರೆ ಅದು ಆ ಊರಿನ ಕನ್ನಡವಲ್ಲ. ಒಂದು ಮನೆಯಲ್ಲಿ ಅವಳು ಒಬ್ಬ ಅಜ್ಜಿಯನ್ನು ಕೇಳಿದಳು: "ಅಮ್ಮಾ, ನಿಮ್ಮನ್ನು ಇತ್ತೀಚೆಗೆ ಖಿನ್ನತೆ ಕಾಡಿದೆಯಾ?"

ಅಜ್ಜಿ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು. "ಖಿನ್ನತಿ ಅಂದ್ರ ಯಾರ ಮಗಳವಾ? ನಮ್ಮನ್ನ ಕಾಡಾಕ ನಮ್ಮ ಸೊಸಿ ಒಬ್ಬಾಕಿ ಸಾಕು."

ತೌಸೀಫ್ ಅಡ್ಡ ಬಂದ: "ಯಮ್ಮಾ, ಮನಸ್ಸಿಗೆ ಬ್ಯಾಸರಾ ಆಗೇತೇನು ಅಂತ ಕೇಳಾಕತ್ತಾರ."

"ಹಂಗ ಕೇಳು ಮತ್ತ! ಆಗೇತಿ. ನಿಮ್ಮನ್ನ ನೋಡಿ ಆಗಾಕತ್ತೈತಿ. ಚಾ ಕುಡೀರಿ, ಹೋಗ್ರಿ."

ಅಂಥ ಊರು ಅದು. ಅಲ್ಲೇ ಕಸ್ತೂರಿ ಸಿಕ್ಕಿದ್ದು.

ಕಸ್ತೂರಿಯನ್ನು ತಾಂಬಾ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು, ಬಾಣಂತನ ಮುಗಿಯುತ್ತ ಬಂದಿತ್ತು. ಇನ್ನು ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗುವುದು ಬಾಕಿ. ನಮ್ಮ ಕಡೆ ಬಾಣಂತಿ ಹೇಗಿರಬೇಕು ಹೇಳಿ? ಕಿವಿಗೆ ಅರಳೆ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ. ಹೊರಗೆ ಬರಬಾರದು, ಹೆಚ್ಚು ಮಾತಾಡಬಾರದು, ಮಲಗಿರಬೇಕು. ಕಸ್ತೂರಿ ಇದೆಲ್ಲವನ್ನೂ ಪಾಲಿಸುತ್ತಿದ್ದಳು. ಓಣಿಯ ಹೆಂಗಸರು "ಬಾಣಂತಿ ಅಂದ್ರ ಹಿಂಗಿರಬೇಕು ನೋಡ್ರಿ, ಹೊಸ್ತಿಲಾ ಸೈತ ದಾಟಂಗಿಲ್ಲ" ಎಂದು ಹೊಗಳುತ್ತಿದ್ದರು. ಆ ಹುಡುಗಿ ಪದ್ಧತಿಯೊಳಗೆ ಅಡಗಿ ಕುಳಿತಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಕತ್ತಲೆ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದವಳನ್ನು ಬೇರೆ ಯಾವ ಕಾಲದಲ್ಲಾದರೂ ಏನಾಯಿತೆಂದು ಕೇಳುತ್ತಾರೆ. ಬಾಣಂತಿಯನ್ನು ಯಾರು ಕೇಳುತ್ತಾರೆ?

ಮೇಘನಾ ಕೇಳಿದಳು. ಮೊದಲ ಸುತ್ತಿನಲ್ಲೇ ಅಂಕ ಮೇಲೆ ಹೋಗಿತ್ತು. ಎರಡನೇ ಭೇಟಿಗೆ ನಾನೂ ಜೊತೆ ಹೋದೆ. ತಾಯಿ ನೀಲವ್ವನನ್ನು ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿಕೊಂಡೆವು. ಕಸ್ತೂರಿ ಮಲಗಿದ್ದ ಕೂಸನ್ನು ತೋರಿಸಿ ಮೆಲ್ಲಗೆ ಅಂದಳು:

"ಇಂವ ಅತ್ರ ನಂಗ ಯಾರದೋ ಮನಿ ಕೂಸು ಅತ್ತಂಗ ಆಗ್ತೈತ್ರಿ. ಎತ್ಕೊತೇನಿ, ಹಾಲ ಕುಡಸ್ತೇನಿ. ಖರೇ ಎದಿಯಾಗ ಏನೂ ಆಗಂಗಿಲ್ಲ. ಎಲ್ಲಾರೂ ಪೇಡೆ ಹಂಚ್ಯಾರ, ನಾ ಒಬ್ಬಾಕಿ ಕಳ್ಳಿ ಹಂಗ ಕುಂತೇನಿ."

ಇದಕ್ಕೆ ಹೆರಿಗೆ ನಂತರದ ಖಿನ್ನತೆ ಎನ್ನುತ್ತಾರೆ. ಅಪರೂಪದ ರೋಗವಲ್ಲ, ತಾಯಿಯ ತಪ್ಪೂ ಅಲ್ಲ, ಗುಣವಾಗುತ್ತದೆ. ಅಷ್ಟನ್ನೇ ಅವಳಿಗೂ ನೀಲವ್ವನಿಗೂ ಹೇಳಿದೆವು. ಕೂಸಿಗೆ ಲಸಿಕೆ ಹಾಕಿಸುವ ನೆಪದಲ್ಲಿ ತಾಯಿ ಮಗಳು ಇಂಡಿಗೆ ಬಂದರು, ಮನೋವೈದ್ಯರು ನೋಡಿದರು. ಹಾಲುಣಿಸುವ ತಾಯಿ ತೆಗೆದುಕೊಳ್ಳಬಹುದಾದ ಗುಳಿಗೆ ಬರೆದರು. "ಪರಿಣಾಮ ಕಾಣಲು ಕೆಲವು ವಾರ ಬೇಕು. ನಡುವೆ ಮಾತ್ರ ಬಿಡಬೇಡಿ" ಎಂದು ಒತ್ತಿ ಹೇಳಿದರು. ಹೋಗ್ತಾ ಬರ್ತಾ ಮೇಘನಾ ಆ ಮನೆಗೆ ಇಣುಕತೊಡಗಿದಳು. ಒಂದು ದಿನ ಕಸ್ತೂರಿ ತಾನಾಗಿ ಕಿಟಕಿ ತೆರೆಸಿದಳಂತೆ. ಮೇಘನಾ ಅಂದು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಇಂಡಿ ಬರುವವರೆಗೂ ಬಾಯಿ ಮುಚ್ಚಲಿಲ್ಲ.

ಎಡವಟ್ಟು ಆದದ್ದು ನಂತರ. ಅದೇ ಊರಿನ ಇನ್ನೊಂದು ಮನೆಗೆ, ಅಂಕ ಹೆಚ್ಚು ಬಂದಿದ್ದ ಹೆಂಗಸೊಬ್ಬಳ ಎರಡನೇ ಭೇಟಿಗೆ ಹೋದೆವು. ನಮ್ಮನ್ನು ದೂರದಲ್ಲಿ ನೋಡಿದ್ದೇ ಆ ಮನೆಯಾಕೆ ಓಡಿ ಬಂದು ಬಾಗಿಲಿಗೆ ಅಡ್ಡ ಕೈ ಹಿಡಿದಳು.

"ನಮ್ಮನಿಗೆ ಮತ್ತ ಬರಬ್ಯಾಡ್ರಿ ಬಾಯಾರ. ಮನ್ಯಾಗ ಕನ್ಯಾ ಐತಿ, ವರಾ ನೋಡಾಕತ್ತೇವಿ. ಒಮ್ಮಿ ಬಂದೀರಿ, ಮುಗೀತು."

"ಯಾಕವಾ, ಏನಾತು?"

"ಏನಾತು ಅಂತೀರಲ್ಲ! ಊರೆಲ್ಲಾ ಆಡಾಕತ್ತೈತಿ. ಒಮ್ಮಿ ಬಂದ್ರ ಸರ್ವೇ, ಎರಡ ಸಲ ಬಂದ್ರ ಹುಚ್ಚು."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನೋಡಿ, ನಾವು ಹೆಸರು ಮುಚ್ಚಿಟ್ಟಿದ್ದೆವು, ಅಂಕ ಮುಚ್ಚಿಟ್ಟಿದ್ದೆವು. ಆದರೆ ಹಾಡಹಗಲಲ್ಲಿ, ಇಡೀ ಓಣಿ ನೋಡುತ್ತಿರುವಾಗ, ಯಾರಿಗೆ ತೊಂದರೆ ಇದೆಯೋ ಅವರ ಮನೆಗೆ ಮಾತ್ರ ಮತ್ತೆ ಮತ್ತೆ ನಡೆದುಕೊಂಡು ಹೋಗುತ್ತಿದ್ದೆವು! ಬೋರ್ಡು ಬರೆಸಿ ಬಾಗಿಲಿಗೆ ತಗುಲಿ ಹಾಕಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಯೋಜನೆ ಒಪ್ಪಿದ ಸಮಿತಿಯಲ್ಲಿ ದೊಡ್ಡ ದೊಡ್ಡವರಿದ್ದರು. ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಎಣಿಸುವ ಊರು ಒಂದು ಇರುತ್ತದೆ ಎಂಬುದು ಅಲ್ಲಿ ಯಾರಿಗೂ ನೆನಪಾಗಿರಲಿಲ್ಲ.

"ಮೇಡಂ, ಕಸ್ತೂರಿ ಮನೆಗೆ ಎಷ್ಟು ಸಲ ಹೋಗಿದ್ದೀವಿ" ಎಂದಳು ಮೇಘನಾ.

ಇಬ್ಬರೂ ಆ ಕಡೆ ಹೆಚ್ಚುಕಮ್ಮಿ ಓಡಿದೆವು. ಓಡಬಾರದಿತ್ತು, ಅದನ್ನೂ ಜನ ನೋಡಿದರು. ನೀಲವ್ವ ಬಾಗಿಲು ಅರ್ಧ ತೆರೆದು ನಿಂತಳು. ಒಳಗೆ ಕರೆಯಲಿಲ್ಲ. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡುವುದೆಂದರೆ ಕಪಾಳಕ್ಕೆ ಹೊಡೆದ ಹಾಗೆ.

"ತಾಂಬಾಕ ಸುದ್ದಿ ಮುಟ್ಟೈತ್ರಿ. ಬೀಗರು ಫೋನ್ ಮಾಡಿದ್ರು. 'ನಿಮ್ಮ ಮಗಳ ತಲಿ ಸರಿ ಇಲ್ಲಂತ, ಹುಚ್ಚಿನ ಸರ್ವೇದವ್ರು ಮನಿ ಹಾದಿ ಸವಿಸ್ಯಾರಂತ' ಅಂದ್ರು. ಕೂಸನ್ನಷ್ಟ ಒಯ್ತೇವಿ, ಆಕಿ ಅಲ್ಲೇ ಇರಲಿ ಅನ್ನಾಕತ್ತಾರ."

"ಕಸ್ತೂರಿ ಗುಳಿಗಿ ತಗೊಳ್ಳಾಕತ್ತಾಳಿಲ್ಲೋ?"

ನೀಲವ್ವ ಕಣ್ಣು ತಪ್ಪಿಸಿದಳು. "ಬಿಡಿಸೇನಿ. ಅವರು ಬಂದಾಗ ಮನ್ಯಾಗ ಗುಳಿಗಿ ಸಿಕ್ರ ಮುಗದಹೋತು. ನೀವು ಇನ್ನ ಬರಬ್ಯಾಡ್ರಿ. ನಿಮಗ ಕೈ ಮುಗೀತೇನಿ."

ಬಾಗಿಲು ಮುಚ್ಚಿತು. ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಅದನ್ನು ಸಮಾಧಾನ ಮಾಡುವ ದನಿ ಮಾತ್ರ ಕೇಳಲಿಲ್ಲ.

ಅಲ್ಲಿಂದ ನನಗೆ ನೆಮ್ಮದಿ ಎಂಬುದು ಹೋಯಿತು. ಹೋದರೆ ಅವಳ ಮೇಲಿನ ಮುದ್ರೆ ಇನ್ನೂ ಗಟ್ಟಿಯಾಗುತ್ತದೆ. ಹೋಗದಿದ್ದರೆ ಅರ್ಧಕ್ಕೆ ಗುಳಿಗೆ ಬಿಟ್ಟ ಹುಡುಗಿ, ಮತ್ತೆ ಮುಚ್ಚಿದ ಕಿಟಕಿ, ಕೂಸನ್ನು ಕಸಿದುಕೊಳ್ಳಲು ಬರುವ ಬೀಗರು. ಬಾಗೇವಾಡಿಯಲ್ಲಿ ಬೇರೆ ಮನೆಯ ಭೇಟಿಯಲ್ಲಿದ್ದರೂ ಕೈ ಫೋನಿನ ಮೇಲೇ ಇರುತ್ತಿತ್ತು. ಮುದ್ದೇಬಿಹಾಳದಲ್ಲಿ ಒಬ್ಬರ ಮನೆಯಲ್ಲಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡು ಕುಡಿದೆ, ಗೊತ್ತೇ ಆಗಲಿಲ್ಲ. ಮೇಘನಾಳದ್ದು ಇನ್ನೊಂದು ಅತಿ. ಪೊಲೀಸರಿಗೆ ಹೇಳೋಣ, ಮಕ್ಕಳ ರಕ್ಷಣೆಯವರಿಗೆ ಹೇಳೋಣ, ತಾಯಿಯಿಂದ ಮಗುವನ್ನು ಬೇರೆ ಮಾಡುವುದು ಅಪರಾಧ ಎಂದು ಹಾರಾಡಿದಳು.

ತೌಸೀಫ್ ಅವಳಿಗೆ ಹೇಳಿದ: "ಮೇಘನಕ್ಕಾ, ನಾವ್ ಎರಡ ಸಲ ಹೋಗಿದ್ದಕ್ಕ ಹುಚ್ಚಿ ಮಾಡ್ಯಾರ. ಪೊಲೀಸ್ ಜೀಪ ಹೋದ್ರ ಏನ್ ಮಾಡ್ತಾರ, ಲೆಕ್ಕಾ ಹಾಕು."

ನನಗೆ ಹೊಳೆದ ದಾರಿ ಒಂದೇ. ಎರಡನೇ ಸಲ ಹೋಗುವುದು ಹುಚ್ಚಿನ ಗುರುತಾದರೆ, ಊರಿನ ಎಲ್ಲ ಮನೆಗೂ ಎರಡನೇ ಸಲ ಹೋಗಬೇಕು. ಮೇಘನಾಳ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಆದರೆ ಹಳ್ಳಿಯನ್ನು ಟ್ಯಾಬಿನಲ್ಲೇ ನೋಡಿದವರು. ಪ್ರೋಟೋಕಾಲ್, ಅಂದರೆ ಒಪ್ಪಿಗೆ ಪಡೆದ ಕಾರ್ಯಕ್ರಮವನ್ನು ನಡುವೆ ಬದಲಿಸಲು ಬರುವುದಿಲ್ಲ, ಸಮಿತಿಗೆ ಬರೆಯಬೇಕು, ಕಾಯಬೇಕು ಎಂದರು.

ನಾನು ಹೇಳಿದೆ: "ಸರ್, ನಿಮ್ಮ ಸಮಿತಿ ಕೂಡೂದರಾಗ ತಾಂಬಾದವ್ರು ಕೂಸು ಒಯ್ದಿರ್ತಾರ. ಆಮ್ಯಾಲ ಆ ಹುಡುಗಿಗೆ ಏನರ ಆದ್ರ ನಿಮ್ಮ ಪ್ರಬಂಧದಾಗ ಆಕಿಗೆ ಯಾವ ನಂಬರ್ ಕೊಡ್ತೀರಿ?"

ಅವರು ಹೇಳಿದರು: "ಭಾಗವಹಿಸಿದವರಿಗೆ ತೊಂದರೆಯಾಗುತ್ತಿದ್ದರೆ ಅದನ್ನು ತಪ್ಪಿಸುವುದು ಸಮಿತಿಯ ಮೊದಲ ನಿಯಮ. ನೀವು ಶುರು ಮಾಡಿ. ನಾನು ಅಧ್ಯಕ್ಷರ ಜೊತೆ ಈಗಲೇ ಮಾತಾಡುತ್ತೇನೆ." ಆ ಮನುಷ್ಯನನ್ನು ಬೈದದ್ದು ಅಲ್ಲಿಗೆ ಸಾಕು ಎನಿಸಿತು.

ಮರುದಿನದಿಂದ ಊರಿನ ಒಂದು ತುದಿಯಿಂದ ಶುರು ಮಾಡಿದೆವು. ಊರ ಹಿರಿಯರ ಮನೆ, ಪಂಚಾಯಿತಿ ಸದಸ್ಯರ ಮನೆ, ಕಿರಾಣಿ ಅಂಗಡಿಯವರ ಮನೆ, ಒಂದನ್ನೂ ಬಿಡಲಿಲ್ಲ. ಬಿಪಿ ನೋಡುವುದು, ನಿದ್ದೆ ಹೇಗಿದೆ ಕೇಳುವುದು, ಕೂತು ನಾಲ್ಕು ಮಾತಾಡುವುದು. ಮೊದಲ ದಿನ ಬಾಗಿಲು ಹಾಕಿಕೊಂಡರು, ಬೈದರು. ಕನ್ಯೆ ಇದ್ದ ಮನೆಯಾಕೆಯಂತೂ ಪಂಚಾಯಿತಿ ಸದಸ್ಯರ ಮನೆಯಿಂದ ನಾವು ಹೊರಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೈ ಕೆಳಗಿಳಿಸಿದ್ದು. ಎಲ್ಲರ ಮನೆಗೂ ಹೋಗುತ್ತಿದ್ದಾರೆ ಎಂದು ಗೊತ್ತಾಗುತ್ತಿದ್ದಂತೆ ಗಾಳಿ ತಿರುಗಿತು. ಒಬ್ಬ ಮುದುಕ ದಾರಿಯಲ್ಲೇ ಅಡ್ಡಗಟ್ಟಿದ:

"ಏ ಬಾಯಾರ, ಆಚೀ ಮನಿ, ಈಚೀ ಮನಿ ಎರಡಕ್ಕೂ ಹೋದ್ರಿ. ನಡಬರಕ ನಮ್ಮನಿ ಯಾಕ ಬಿಟ್ರಿ? ನಾವೇನು ಅಷ್ಟೂ ಶಾಣ್ಯಾರ ಕಂಡೇವೇನು?"

ನಕ್ಕೆವು. ಓಣಿಯ ಬಾಯಿ ಮುಚ್ಚಿತು, ಸರಿ. ತಾಂಬಾದಲ್ಲಿ ಕೇಳಿಸಿಕೊಂಡ ಕಿವಿಗಳನ್ನು ಮುಚ್ಚುವುದು ಹೇಗೆ?

ಹಾಗಿರುವಾಗ ನೀಲವ್ವನ ಫೋನು ಬಂತು. ಬರಬೇಡಿ ಎಂದವಳೇ ಈಗ ಬನ್ನಿ ಎನ್ನುತ್ತಿದ್ದಳು. "ನಾಳೆ ಬೀಗರು ಬರಾಕತ್ತಾರ್ರಿ. ನೀವ್ ಬಂದು ಅವರ ಮುಂದ ಒಂದ ಮಾತ ಹೇಳ್ರಿ, 'ಏನೂ ಇಲ್ಲ, ಸುಮ್ನ ಸರ್ವೇ' ಅಂತ. ನಿಮ್ಮ ಮಾತ ನಂಬ್ತಾರ. ಒಂದ ಸುಳ್ಳ ಹೇಳ್ರಿ ಬಾಯಾರ, ನಿಮ್ಮ ಹೊಟ್ಟಿ ತಣ್ಣಗಿರಲಿ."

ಬರುತ್ತೇನೆ ಎಂದಷ್ಟೇ ಹೇಳಿದೆ. ಸುಳ್ಳು ಹೇಳಲು ನನಗೇನೂ ಮಡಿಯಿಲ್ಲ. ಆದರೆ ಈ ಸುಳ್ಳು ಹೇಳಿದರೆ ಕಸ್ತೂರಿ ತಾಂಬಾಕ್ಕೆ ಹೋಗುತ್ತಾಳೆ, ಗುಳಿಗೆ ಇಲ್ಲದೆ, ಏನೂ ಆಗಿಲ್ಲದವಳ ಹಾಗೆ. ಅಲ್ಲಿ ರೋಗ ಹೆಚ್ಚಾದರೆ ಬಾಯಿ ಬಿಡುವ ಹಾಗೂ ಇಲ್ಲ. ನಿಜ ಹೇಳೋಣವೆಂದರೆ ಅದು ನನ್ನದಲ್ಲ, ಅವಳ ಗುಟ್ಟು. ಹೇಳುವುದಿಲ್ಲ ಎಂದರೆ ಹೇಳಿದಂತೆಯೇ. ದಾರಿಯುದ್ದಕ್ಕೂ ಇದನ್ನೇ ಮೂರು ಕಡೆಯಿಂದ ತಿರುವಿ ಹಾಕಿದೆ, ನಾಲ್ಕನೇ ಕಡೆ ಕಾಣಲಿಲ್ಲ.

ಮೇಘನಾ ಝಳಕಿಯಲ್ಲಿ ಇಳಿದು ಕೂಸಿನ ತಲೆಗೆ ಕಟ್ಟುವ ಒಂದು ಕುಂಚಿಗಿ ಕೊಂಡಳು. ಬಾಣಂತಿ ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ ಎಂದು ಯಾರೋ ಹೇಳಿಕೊಟ್ಟಿದ್ದರು. ಟ್ಯಾಬು, ಬ್ಯಾಗು ಎಲ್ಲವನ್ನೂ ತೌಸೀಫನ ಕೈಗೆ ಕೊಟ್ಟು ಅವನನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟೆವು.

ಪಡಸಾಲೆಯಲ್ಲಿ ಕಸ್ತೂರಿಯ ಮಾವ ಮಲಕಪ್ಪ ಗೋಡೆಗೆ ಒರಗಿ ಕೂತಿದ್ದರು. ತಾಂಬಾದಲ್ಲಿ ಲಿಂಬೆ ತೋಟ, ಲಿಂಬೆ ವ್ಯಾಪಾರ ಎರಡೂ ಇರುವ ಮನುಷ್ಯ. ಪಕ್ಕದಲ್ಲಿ ಅತ್ತೆ ಬೋರಮ್ಮ, ತೊಡೆಯ ಮೇಲೆ ಕೂಸು. ಬಾಗಿಲ ಹತ್ತಿರ ಗಂಡ ಸಿದ್ದು, ಮೊಬೈಲು ತಿರುಗಿಸುತ್ತ ತಲೆ ತಗ್ಗಿಸಿ ಕೂತಿದ್ದ. ಕಸ್ತೂರಿ ಒಳಕೋಣೆಯಲ್ಲಿದ್ದಳು. ಬಾಗಿಲು ಮುಂದೆ ಮಾಡಿತ್ತು.

ನೀರು ಕೊಟ್ಟರು, ಚಹಾ ಕೊಟ್ಟರು. ಕಪ್ಪು ಕೆಳಗಿಟ್ಟು ಮಲಕಪ್ಪ ನೇರ ನನ್ನನ್ನೇ ಕೇಳಿದರು:

"ಬಾಯಾರ, ನಾವ್ ಲಿಂಬಿ ವ್ಯಾಪಾರದವ್ರು. ಹಣ್ಣ ಒಮ್ಮಿ ನೋಡ್ತೇವಿ, ಚೀಲಕ್ಕ ಹಾಕ್ತೇವಿ. ಎರಡನೇ ಸಲ ಕೈಯಾಗ ಹಿಡದು ತಿರುವಿ ನೋಡಿದ್ವಿ ಅಂದ್ರ ಅದರಾಗ ಏನರ ಐತಿ ಅಂತ ಅರ್ಥ. ಈ ಮನಿಗೆ ಎರಡ ಸಲ ಯಾಕ ಬಂದ್ರಿ?"

"ಊರಾಗಿನ ಎಲ್ಲಾ ಮನಿಗೂ ಎರಡ ಸಲ ಹೋಗೇವ್ರಿ ಯಜಮಾನ್ರ. ಬೇಕಾರ ಹೊರಗ ಕೇಳ್ರಿ."

"ಈಗ ಹೋಗೀರಿ. ನಾ ಕೇಳಾಕತ್ತಿದ್ದು ಆಗಿಂದು."

ಆಸಾಮಿ ಜಾಣ. ನನ್ನ ಎಲ್ಲ ತಿರುಗಾಟ ಒಂದೇ ಮಾತಿನಲ್ಲಿ ನೀರು ಪಾಲಾಯಿತು. ನೀಲವ್ವ ಕಂಬದ ಹಿಂದಿನಿಂದ ನನಗೆ ಕಣ್ಣು ಮಿಟುಕಿಸುತ್ತಲೇ ಇದ್ದಳು, ಹೇಳ್ರಿ, ಹೇಳ್ರಿ ಎಂದು.

ನಾನು ಅಂದೆ: "ಒಬ್ಬರ ಮನಿ ಸುದ್ದಿ ಇನ್ನೊಬ್ಬರ ಮುಂದ ಹೇಳೂದು ನನ್ನ ನೌಕರಿ ಅಲ್ರಿ. ನಾಳೆ ನಿಮ್ಮ ಸುದ್ದಿ ನನಗ ಗೊತ್ತಾದ್ರೂ ಅಷ್ಟ."

"ಅಂದ್ರ ಐತಿ ಅಂದಂಗಾತು" ಎಂದು ಮಲಕಪ್ಪ ಹೆಂಡತಿಯ ಕಡೆ ತಿರುಗಿದರು. "ಏಳು. ಕೂಸಿಗೆ ಅರಿವಿ ಸುತ್ತು."

ನೀಲವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಮೇಘನಾ ನನ್ನ ಮೊಣಕೈ ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ಸರಿಯಿತು.

ಕಸ್ತೂರಿ ಬಂದು ಹೊಸ್ತಿಲ ಮೇಲೆ ನಿಂತಳು. ತಲೆಯ ಬಟ್ಟೆ ಬಿಚ್ಚಿದ್ದಳು, ಕಿವಿಯ ಅರಳೆ ಕೈಯಲ್ಲಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮಾವನನ್ನು ಹುಡುಕಿದಳು.

"ಮಾವಾರ, ಅವರನ್ಯಾಕ ಕೇಳ್ತೀರಿ? ನನ್ನ ಕೇಳ್ರಿ. ನಾ ಇಲ್ಲೇ ಅದೀನಲ್ಲ."

ಅವಳೇ ಮುಂದುವರಿಸಿದಳು. ಓದಿದ ಪಾಠ ಒಪ್ಪಿಸುವವರ ಹಾಗೆ, ಎಲ್ಲಿಯಾದರೂ ನಿಂತರೆ ಮತ್ತೆ ಶುರು ಮಾಡಲಾರೆನೇನೋ ಎಂಬ ಹಾಗೆ.

"ನನಗ ಆರಾಮಿಲ್ಲ. ಹಡದ ಮ್ಯಾಲಿಂದ ಹಗಲೆಲ್ಲಾ ಅಳು ಬರತೈತಿ. ಕೂಸು ಕಂಡ್ರ ಅಂಜಿಕಿ ಆಗ್ತಿತ್ತು. ಡಾಕ್ಟರ ಹಂತೇಕ ಹೋಗೇನಿ. ಗುಳಿಗಿ ಕೊಟ್ಟಿದ್ರು, ತಗೊಂಡೆ, ಚಲೋ ಆಗಾಕತ್ತಿತ್ತು. ನಿಮ್ಮ ಅಂಜಿಕಿಗೆ ನಮ್ಮವ್ವ ಬಿಡಿಸಿದ್ಳು. ಹೊಳ್ಳಿ ಅಳು ಚಾಲೂ ಆಗೇತಿ. ಇಷ್ಟ ಐತಿ. ಕೂಸು ಒಯ್ಯಾಕ ಬಂದೀರಂತ. ನಾ ಕೊಡಂಗಿಲ್ಲ."

ಕೂಸನ್ನು ಯಾರದೋ ಮನೆಯ ಕೂಸು ಎಂದಿದ್ದವಳು ಇವಳೇ ಎಂದು ನಾನು ಯಾರ ಮುಂದೂ ಹೇಳುವ ಹಾಗಿರಲಿಲ್ಲ. ಮೇಘನಾ ಮಾತ್ರ ನನ್ನ ಮುಖ ನೋಡಿದಳು.

ಮಲಕಪ್ಪ ಗೆದ್ದವರ ಹಾಗೆ ಹೆಂಡತಿಯ ಕಡೆ ಕೈ ಮಾಡಿದರು. "ಕೇಳಿದ್ಯಾ? ತನ್ನ ಬಾಯಿಲೇ ಹೇಳಿದ್ಳು, ಹುಚ್ಚೈತಿ ಅಂತ."

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಬೋರಮ್ಮ ಗಂಡನ ಕಡೆ ತಿರುಗಿದಳು.

"ಹುಚ್ಚರು ತಮಗ ಹುಚ್ಚೈತಿ ಅಂತ ಹೇಳ್ತಾರೇನ್ರಿ? ನಿಮ್ಮಣ್ಣ ಸಾಯೂತನಾ ಹೇಳಲಿಲ್ಲ."

ಸಿದ್ದುವಿನ ಕೈಯಲ್ಲಿ ತಿರುಗುತ್ತಿದ್ದ ಮೊಬೈಲು ನಿಂತಿತು. ಮಲಕಪ್ಪ ಏನೋ ಹೇಳಲು ಬಾಯಿ ತೆರೆದರು, ಬೋರಮ್ಮ ಬಿಡಲಿಲ್ಲ.

"ಆ ಮನಿಷಾನ್ನ ಹಿಂದಿನ ಕೋಣ್ಯಾಗಿಟ್ಟು 'ಮಂಡಿ ನೋವು ಐತಿ, ಮಲಗ್ಯಾನ' ಅಂತ ಬಂದವ್ರಿಗೆಲ್ಲಾ ಹೇಳಿ ಹೇಳಿ ನನ್ನ ಬಾಯಿ ಸವದೈತಿ. ಇನ್ನೊಂದ ಕೋಣಿ ನಾ ಕಾಯಂಗಿಲ್ಲ. ಈಕಿ ನೆಟ್ಟಗ ನಿಂತು ಹೇಳಾಕತ್ತಾಳ. ಸುಮ್ನ ಕುಂದ್ರಿ."

ಆಮೇಲೆ ಕಸ್ತೂರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪ್ರೀತಿಯಿಂದೇನೂ ಅಲ್ಲ, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ. "ಗುಳಿಗಿ ಯಾವಾಗ ತಗೋಬೇಕು? ಉಂಡ ಮ್ಯಾಲೋ, ಉಣ್ಣೂಕಿಂತ ಮದಲೋ? ನಮ್ಮನ್ಯಾಗ ಊಟ ತಡಾ ಆಗ್ತೈತಿ, ಈಗ ಹೇಳ್ತೇನಿ."

ಕಸ್ತೂರಿ ಹೊಸ್ತಿಲ ಮೇಲೇ ಕುಸಿದು ಕೂತು ಅಳತೊಡಗಿದಳು. ಬೋರಮ್ಮ ಎದ್ದು ಹೋಗಿ ಕೂಸನ್ನು ಅವಳ ತೊಡೆಗೆ ಹಾಕಿದಳು. "ಅಳೂದಿದ್ರ ಅಳು. ಕೂಸಿನ ಕುತಿಗಿ ಹಿಡಕೊಂಡು ಅಳು."

ಅಂದು ಅವರು ಕೂಸನ್ನು ಒಯ್ಯಲಿಲ್ಲ. ಹಾಗೆಂದು ಎಲ್ಲ ಸಕ್ಕರೆಯಾಯಿತು ಎಂದುಕೊಳ್ಳಬೇಡಿ. ಮಲಕಪ್ಪ ಮುಖ ಸಿಂಡರಿಸಿಕೊಂಡೇ ಎದ್ದರು. ತಾಂಬಾದಲ್ಲಿ ಈ ಸುದ್ದಿ ಯಾರ ಕಿವಿಗಾದರೂ ಬಿದ್ದರೆ ನೋಡಿ ಎಂದು ನನಗೇ ತಾಕೀತು ಮಾಡಿದರು. ಹೊರಗೆ ಚಪ್ಪಲಿ ಮೆಟ್ಟುವಾಗ ಸಿದ್ದು ಹಿಂದುಳಿದು ಮೇಘನಾಳ ಹತ್ತಿರ ಬಂದ.

"ಮೇಡಂ, ಗುಳಿಗಿಲೆ ಹಾಲಿಗೆ ಏನೂ ತೊಂದ್ರಿ ಇಲ್ಲಲ್ರಿ?"

"ಇಲ್ಲ. ಡಾಕ್ಟರು ನೋಡಿಯೇ ಕೊಟ್ಟಿದ್ದಾರೆ."

"ಹಂಗಾರ ಮತ್ತ ಯಾವಾಗ ಚಾಲೂ ಮಾಡ್ಬೇಕು?"

"ಡಾಕ್ಟರನ್ನು ಇವತ್ತೇ ಫೋನಿನಲ್ಲಿ ಕೇಳಿ ಹೇಳುತ್ತೇನೆ. ಆದರೆ ನೀವೂ ಅವಳನ್ನ ಒಂದು ಸಲ ಹೇಗಿದ್ದೀಯಾ ಅಂತ ಕೇಳಿ."

ಸಿದ್ದು ಮತ್ತೆ ಒಳಗೆ ಹೋದ. ಏನು ಕೇಳಿದನೋ ಗೊತ್ತಿಲ್ಲ. ಮಲಕಪ್ಪ ಗಾಡಿಯ ಹತ್ತಿರ ನಿಂತು ಎರಡು ಸಲ ಹಾರ್ನ್ ಹೊಡೆದರೂ ಅವನು ಬೇಗ ಬರಲಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಬೀಗರು ಬಂದು ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದರು. ಮೇಘನಾಳ ಪ್ರಬಂಧದ ಲೆಕ್ಕಾಚಾರ ಈ ಗಲಾಟೆಯಲ್ಲಿ ಸ್ವಲ್ಪ ಕೆಟ್ಟಿತು. ಅವಳು ಅದನ್ನು ಮುಚ್ಚಿಡಲಿಲ್ಲ. ಎರಡನೇ ಭೇಟಿಯೇ ಹೇಗೆ ಗುಟ್ಟು ಬಯಲು ಮಾಡಿತು ಎಂದು ನೇರವಾಗಿ ಬರೆದಳು. ಅವಳ ಹಿಂದೆ ಬಂದ ವಿದ್ಯಾರ್ಥಿಗಳು ಊರಿನ ಎಲ್ಲ ಮನೆಗೂ ಎರಡು ಸಲ ಹೋಗುತ್ತಾರೆ. ಬಹಳ ನಡೆಯಬೇಕಾಗುತ್ತದೆ ಎಂದು ಗೊಣಗುತ್ತಾರೆ. ಗೊಣಗಲಿ.

ಕೆಲವು ತಿಂಗಳ ನಂತರ ಇಂಡಿಯ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಬೋರಮ್ಮ ಸಿಕ್ಕಳು. ಜೊತೆಗೆ ಕಸ್ತೂರಿ, ಅವಳ ಸೊಂಟದ ಮೇಲೆ ದುಂಡನೆಯ ಕೂಸು. ಸರದಿಯಲ್ಲಿ ನಿಂತವರೆಲ್ಲ ಮುಖಕ್ಕೆ ಸೆರಗು, ಟವೆಲು ಮುಚ್ಚಿಕೊಂಡಿದ್ದರೆ ಬೋರಮ್ಮ ಔಷಧಿ ಕಿಟಕಿಯಲ್ಲಿ ತಲೆ ತೂರಿಸಿ ಕೂಗುತ್ತಿದ್ದಳು: "ನಮ್ಮ ಸೊಸಿ ಗುಳಿಗಿ ಕೊಡೋ ತಮ್ಮಾ, ತಾಂಬಾ ಬಸ್ಸು ಹೋಗ್ತೈತಿ!"

ನಾನು ಹತ್ತಿರ ಹೋಗಿ ಮೆಲ್ಲಗೆ ಅಂದೆ: "ಸಾವಕಾಶ ಮಾತಾಡ್ರಿ ಬೋರಮ್ಮಾರ, ಮಂದಿ ಕೇಳ್ತಾರ."

"ಕೇಳಲಿ. ಕದ್ದ ಗುಳಿಗ್ಯೇನು?"

ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನಂಗೂ ಇಷ್ಟು ದೊಡ್ಡದಾಗಿ ಬ್ಯಾಡಾಗಿತ್ರಿ ಬಾಯಾರ. ಖರೇ ಈಕಿಗೆ ಯಾರ್ ಹೇಳ್ಬೇಕು?"

ಈ ಕೆಲಸ ನನಗೆ ಕಲಿಸಿದ್ದು ಇದು. ಗೋಪ್ಯತೆ ಎಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ನಮಗೆ ತರಬೇತಿಯಲ್ಲಿ ಹೇಳುತ್ತಾರೆ. ಊರಿನಲ್ಲಿ ನಮ್ಮ ಬಾಯಿಗಿಂತ ಕಾಲು ಹೆಚ್ಚು ಮಾತಾಡುತ್ತದೆ, ಅದು ಮೊದಲ ಪಾಠ. ಎರಡನೆಯದು ಅದಕ್ಕಿಂತ ದೊಡ್ಡದು. ವಿಶ್ವವಿದ್ಯಾಲಯ, ನಾನು, ಮೇಘನಾ, ನೀಲವ್ವ ಎಲ್ಲರೂ ಕೂಡಿ ಕಸ್ತೂರಿಯ ಗುಟ್ಟನ್ನು ಕಾಯುತ್ತಿದ್ದೆವು. ಗೋಡೆಯ ಆಚೆ ಮಲಗಿದ್ದ ಕಸ್ತೂರಿಯನ್ನು, ಏನು ಮಾ‌ಡೋಣ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಈಗ ಯಾವ ಮನೆಗೆ ಹೋದರೂ ರೋಗದ ಮಾತಿಗಿಂತ ಮೊದಲು ಇದನ್ನು ಕೇಳುತ್ತೇನೆ: "ತಂಗಿ, ನಿನ್ನ ಸುದ್ದಿ ಯಾರಿಗೆ ಗೊತ್ತಾಗಲಿ, ಯಾರಿಗೆ ಬ್ಯಾಡ? ಹೇಳೂದಿದ್ರ ನೀ ಹೇಳ್ತೀಯೋ, ನಾ ಹೇಳ್ಲೋ?"

ಹೆಚ್ಚಿನವರು ಸುಮ್ಮನಿರುತ್ತಾರೆ. ನಾನು ಅವಸರ ಮಾಡುವುದಿಲ್ಲ, ಚಹಾ ಬರುವವರೆಗೆ ಕೂತಿರುತ್ತೇನೆ.